ರೋಜಾ ಇದ್ದ ಮಲ್ಲಿಗೆ

ಯುಗಾದಿಗೆ ಇನ್ನೂ ಒಂದು ವಾರವಿತ್ತು. ಮನೆಯ ಕಾಗದವೊಂದಕ್ಕೆ ಸಹಿ ಬೇಕಾಗಿ ಸಿಂಧನೂರಿನಿಂದ ಮಸ್ಕಿಗೆ ಹೋಗಿದ್ದೆ. ಅಲ್ಲಿನ ಸರ್ಕಾರಿ ಕಚೇರಿಯೊಂದರ ಹೊಸ್ತಿಲು ದಾಟುತ್ತಿದ್ದಂತೆ ಮಲ್ಲಿಗೆಯ ವಾಸನೆ ಬಡಿಯಿತು. ಕಾಲು ತಾನಾಗಿ ನಿಂತಿತು. ಆಮೇಲೆ ಗೋಡೆಯ ಮೇಲಿನ ಬಿಳಿ ಡಬ್ಬಿ ಕಂಡಿತು. ಸ್ವಲ್ಪ ಹೊತ್ತಿಗೊಮ್ಮೆ ಅದು ತಾನೇ ‘ಚಿಸ್’ ಎನ್ನುತ್ತದೆ, ಒಂದು ಉಸಿರಿನಷ್ಟು ಮಲ್ಲಿಗೆಯನ್ನು ಗಾಳಿಗೆ ಉಗುಳಿ ಸುಮ್ಮನಾಗುತ್ತದೆ. ಹೊರಗೆ ಜನ ಕಾಯುವ ಜಾಗದಲ್ಲಿ ಎರಡು ಕಬ್ಬಿಣದ ಕಂಬಗಳಿಗೆ ಪ್ಲಾಸ್ಟಿಕ್ ಬಳ್ಳಿ ಸುತ್ತಿದ್ದರು. ಮಸ್ಕಿಯ ಬಿಸಿಲಿಗೆ ಅದರ ಎಲೆ ನೀಲಿಗೆ ತಿರುಗಿತ್ತು. ಯಾವ ಬಳ್ಳಿಯೂ ಬಿಡದ ಬಣ್ಣದ ಹೂಗಳ ಮೇಲೆ ಧೂಳು ಕೂತಿತ್ತು. ಕೆಳಗಿನ ಸಿಮೆಂಟ್ ಹಾಸಿನ ಮೇಲೆ ನೆರಳಿರಲಿಲ್ಲ. ಬಂದ ಹೆಂಗಸರು ಸೆರಗು ತಲೆಗೆಳೆದುಕೊಂಡು ಗೋಡೆಗೆ ಅಂಟಿ ನಿಂತಿದ್ದರು.

ಸಿಟ್ಟನ್ನು ಬರಹದೊಳಗೆ ತರಬಾರದೆಂದು ವರದಿಗಾರನ ವೃತ್ತಿ ನನಗೆ ಕಲಿಸಿದೆ. ಏನಾಯಿತು, ಎಲ್ಲಿ, ಯಾವಾಗ, ಯಾರು, ಯಾಕೆ ಎಂದಷ್ಟೇ ಹೇಳಿ ಸಿಟ್ಟನ್ನು ಓದುವವರ ಪಾಲಿಗೆ ಬಿಡಬೇಕು. ಆ ಕ್ರಮದಲ್ಲೇ ಬರೆಯುತ್ತೇನೆ. ಆದರೆ ಸಿಟ್ಟಿಲ್ಲವೆಂದು ಯಾರೂ ತಿಳಿಯಬಾರದು. ಕಚೇರಿಯ ಹೆಸರು ಹೇಳುವುದಿಲ್ಲ. ಅದರ ಬಗ್ಗೆ ಒಮ್ಮೆ ಬರೆದು ಆಗಿದ್ದೇ ಸಾಕಷ್ಟಾಗಿದೆ.

ಕೆಲವು ವರ್ಷಗಳ ಹಿಂದಿನ ಚಳಿಗಾಲ ಅದು. ಮಸ್ಕಿ ತಾಲ್ಲೂಕು ಕೇಂದ್ರವಾದ ಮೇಲಿನ ಮಾತು. ನಾನು ಸಿಂಧನೂರಿನಲ್ಲಿ ಕೂತು ಮಸ್ಕಿಯ ಸುದ್ದಿಯನ್ನೂ ನೋಡಿಕೊಳ್ಳುತ್ತಿದ್ದೆ. ವಾರಕ್ಕೆ ಎರಡು ಸಲ ಬೈಕಿನಲ್ಲಿ ಹೋಗುತ್ತಿದ್ದೆ. ಸಿಂಧನೂರು ಬಿಡುವಾಗ ರಸ್ತೆಯ ಅರ್ಧಕ್ಕೆ ಭತ್ತ ಹರವಿರುತ್ತಿದ್ದರು, ಕಟಾವಿನ ಯಂತ್ರಗಳು ಎದುರಾಗುತ್ತಿದ್ದವು, ಗಾಳಿಯಲ್ಲಿ ಹೊಟ್ಟು ಹಾರುತ್ತಿತ್ತು. ಮುಂದೆ ಹೋದಂತೆ ಕಾಲುವೆ ಹಿಂದೆ ಬಿದ್ದು ಬಿಳಿಜೋಳ, ಕಡಲೆಯ ಹೊಲಗಳು ಬರುತ್ತಿದ್ದವು. ನೀರಿನ ಸೀಮೆ ಮುಗಿದು ಇಬ್ಬನಿಯ ಸೀಮೆ ಶುರುವಾಯಿತೆಂದು ಮೂಗಿಗೇ ಗೊತ್ತಾಗುತ್ತಿತ್ತು.

ಆ ಕಚೇರಿಯ ಮುಂದೆ ಒಂದು ಮಲ್ಲಿಗೆಯ ಹಂದರವಿತ್ತು. ನಾಲ್ಕು ಗಳ, ಮೇಲೆ ಹಳೆಯ ತಂತಿ. ಬೇಸಿಗೆಯಲ್ಲಿ ಅದರ ಕೆಳಗೆ ಇಪ್ಪತ್ತು ಜನ ನೆರಳಿಗೆ ಕೂರುತ್ತಿದ್ದರು. ಸಹಿಗೆ, ಮೊಹರಿಗೆ, ‘ನಾಳೆ ಬರ್ರಿ’ ಎಂಬ ಮಾತಿಗೆ ಅಲ್ಲೇ ಕಾಯುತ್ತಿದ್ದರು. ಇಳಿಹೊತ್ತಿಗೆ ಮೊಗ್ಗು ಬಿಡಿಸಿ, ಹೋಗುವ ಹೆಂಗಸರ ಕೈಗೆ ಒಂದೊಂದು ಹಿಡಿ ಹಾಕುತ್ತಿದ್ದವಳು ಕಸ ಗುಡಿಸುವ ಮೌಲಾಬಿ. ಸಂತೆಕಲ್ಲೂರಿನವಳು, ಐವತ್ತು ದಾಟಿದವಳು. ಷೇರ್ ಆಟೊದಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದಳು. ಕೆಲಸವಾಗದೆ ಹೊರಟವರಿಗೆ ಆಕೆ ಎರಡು ಮೊಗ್ಗು ಹೆಚ್ಚಿಗೆ ಕೊಡುತ್ತಿದ್ದಳಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಚಳಿಗಾಲದವರೆಗೆ ನನ್ನ ಪಾಲಿಗೆ ಆಕೆ ಕಸಬರಿಗೆ ಹಿಡಿದ ಒಬ್ಬ ಹೆಂಗಸು, ಅಷ್ಟೆ.

ಎಳ್ಳಮಾವಾಸ್ಯೆಗೆ ಮೂರ್ನಾಲ್ಕು ದಿನ ಇರುವಾಗ ಬೇರೊಂದು ಸುದ್ದಿಗಾಗಿ ಅಲ್ಲಿಗೆ ಹೋದೆ. ಜನರ ಅರ್ಜಿಗಳು ತಿಂಗಳುಗಟ್ಟಲೆ ಕೊಳೆಯುತ್ತಿವೆ ಎಂಬ ದೂರಿತ್ತು. ಕಚೇರಿಯ ಸಾಹೇಬರು ನನ್ನನ್ನು ಒಂದು ಗಂಟೆ ಹೊರಗೆ ಕೂರಿಸಿ, ಕೊನೆಗೆ ಹಿಂಬಾಗಿಲಿನಿಂದ ಜೀಪು ಹತ್ತಿ ಹೋದರು. ಸಿಟ್ಟು ನೆತ್ತಿಗೇರಿತು. ಬರಿಗೈಯಲ್ಲಿ ಹೋದರೆ ಪತ್ರಿಕೆಯ ಡೆಸ್ಕಿನವರ ಮಾತು ಕೇಳಬೇಕು. ಆಗ ಕಣ್ಣು ಹಂದರದ ಮೇಲೆ ಬಿತ್ತು. ಒಂದೇ ಒಂದು ಎಲೆ ಇರಲಿಲ್ಲ. ಬೂದು ಬಣ್ಣದ ಕಡ್ಡಿಗಳು ತಂತಿಗೆ ಹೆಣೆದುಕೊಂಡು ಬಿದ್ದಿದ್ದವು. ಬುಡದ ಮಣ್ಣನ್ನು ಯಾರೋ ಕೆದರಿದಂತಿತ್ತು, ಬೇರು ಕಾಣುತ್ತಿತ್ತು, ಮಣ್ಣು ಬಿರುಕು ಬಿಟ್ಟಿತ್ತು.

ಗುಮಾಸ್ತ ವಿರೂಪಾಕ್ಷಪ್ಪ ಬಾಗಿಲಲ್ಲಿ ನಿಂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

“ಇದಕ್ಕ ನೀರು ಹಾಕ್ಯಾರೇನ್ರಿ?” ಎಂದೆ.

“ಎಲ್ಲಿ ನೀರ್ರಿ? ಒಂದು ತಿಂಗಳಾತು, ಹನಿ ನೀರು ಬಿದ್ದಿಲ್ಲ.”

“ಯಾರು ಹಾಕಬೇಕು?”

“ಯಾರು ಅಂತ ಆರ್ಡರ್ ಇಲ್ರಿ ಅದಕ್ಕ,” ಎಂದು ನಕ್ಕು ಒಳಗೆ ಹೋದ.

ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ಚೌಕಟ್ಟಿನ ಎಡಕ್ಕೆ ಮೌಲಾಬಿ ಕಸ ಗುಡಿಸುತ್ತಿದ್ದಳು. ಪಾಳು ಬಿದ್ದ ಜಾಗವೆಂದು ತೋರಿಸಬೇಕಾದ ಚಿತ್ರದಲ್ಲಿ ಗುಡಿಸುವವರು ಇರಬಾರದು. “ಅಮ್ಮಾ, ಸ್ವಲ್ಪ ಆ ಕಡೆ ಸರೀರಿ,” ಎಂದೆ. ಆಕೆ ಏನೋ ಹೇಳಲು ಬಾಯಿ ತೆರೆದಳು. ನಾನು ಕೈಯಾಡಿಸಿ ಇನ್ನಷ್ಟು ದೂರ ಹೋಗುವಂತೆ ಸೂಚಿಸಿದೆ. ಸರಿದಳು. ಚಿತ್ರ ಚೆನ್ನಾಗಿ ಬಂತು.

ಮರುದಿನ ಒಳಪುಟದಲ್ಲಿ ಎರಡು ಕಾಲಂ. ತಲೆಬರಹ: ‘ನೀರಿಲ್ಲದೆ ಒಣಗಿದ ಮಲ್ಲಿಗೆ, ಕಣ್ಮುಚ್ಚಿದ ಕಚೇರಿ’. ಜನರಿಗೆ ನೆರಳಾಗಿದ್ದ ಬಳ್ಳಿ ತಿಂಗಳಿಂದ ಹನಿ ನೀರು ಕಾಣದೆ ಎಲೆ ಉದುರಿಸಿ ಒಣಗಿದೆ, ಆವರಣದ ನಿರ್ವಹಣೆಗೆ ಇರುವ ಸಿಬ್ಬಂದಿ ನಿರ್ಲಕ್ಷ್ಯ ತೋರಿದ್ದಾರೆ ಎಂದು ಬರೆದಿದ್ದೆ. ಕೊನೆಗೆ ನಾವೆಲ್ಲ ಕಣ್ಣು ಮುಚ್ಚಿಕೊಂಡು ಹಾಕುವ ಸಾಲು: ‘ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು ಎಂಬುದು ಸಾರ್ವಜನಿಕರ ಆಗ್ರಹ.’ ಯಾವ ಸಾರ್ವಜನಿಕರು? ಅಲ್ಲಿ ಯಾರೂ ಏನನ್ನೂ ಆಗ್ರಹಿಸಿರಲಿಲ್ಲ. ಸಾಹೇಬರು ನನ್ನನ್ನು ಭೇಟಿಯಾಗದೆ ಹೋದದ್ದೇ ಆ ಸುದ್ದಿಯ ಹುಟ್ಟು. ಬಳ್ಳಿ ನನಗೆ ಸಿಕ್ಕ ಕೋಲು.

ಸುದ್ದಿ ಬಂದ ಮೂರನೇ ದಿನಕ್ಕೆ ಕಚೇರಿ ಎಚ್ಚೆತ್ತಿತು. ಕೊಳೆಯುತ್ತಿದ್ದ ಅರ್ಜಿಗಳ ವಿಷಯದಲ್ಲಿ ಯಾವ ಪತ್ರಕ್ಕೂ ಎಚ್ಚೆತ್ತಿರದ ಕಚೇರಿ ಅದು. ರಸ್ತೆ ಕೆಲಸಕ್ಕೆ ಬಂದಿದ್ದ ಜೆಸಿಬಿಯನ್ನು ಕರೆಸಿ ಹಂದರ, ತಂತಿ, ಬೇರು ಎಲ್ಲವನ್ನೂ ಒಂದೇ ಸಲಕ್ಕೆ ಎತ್ತಿಸಿದರು. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಸಿಮೆಂಟ್ ಹಾಸು, ಎರಡು ಕಂಬ, ಪ್ಲಾಸ್ಟಿಕ್ ಬಳ್ಳಿ. ಸಾಹೇಬರು ಅದರ ಪಕ್ಕ ನಿಂತ ಚಿತ್ರವನ್ನು ತಾವೇ ನನಗೆ ಕಳಿಸಿದರು. ನಮ್ಮ ಪತ್ರಿಕೆಗಳಲ್ಲಿ ಇಂಥದ್ದಕ್ಕೆ ಒಂದು ಹೆಸರಿದೆ: ‘ವರದಿ ಫಲಶ್ರುತಿ’. ಹಳೆಯ ಸುದ್ದಿಯ ಚಿತ್ರ ಒಂದು ಕಡೆ, ಹೊಸದು ಒಂದು ಕಡೆ. ಅದನ್ನೂ ಹಾಕಿದೆವು. ಲಿಂಗಸೂಗೂರಿನ ಹಿರಿಯ ವರದಿಗಾರರೊಬ್ಬರು ಫೋನ್ ಮಾಡಿ, “ಭಾಳ ಛಲೋ ಆತು ನೋಡಪಾ, ಪೇಪರಿಗೆ ಇನ್ನ ಕಿಮ್ಮತ್ತು ಐತಿ ಅಂತಾತು,” ಎಂದರು. ನಾನೂ ಹಿಗ್ಗಿದೆ. ಅದನ್ನು ಮುಚ್ಚಿಡುವುದಿಲ್ಲ.

ಹಿಗ್ಗು ಇಳಿದದ್ದು ಮುಂದಿನ ವಾರ ಕಚೇರಿಗೆ ಹೋದಾಗ. ಅಂಗಳದಲ್ಲಿ ಹೊಸಬಳೊಬ್ಬಳು ಗುಡಿಸುತ್ತಿದ್ದಳು. ವಿರೂಪಾಕ್ಷಪ್ಪ ಕುರ್ಚಿ ಎಳೆದು ಕೂರಿಸಿ ಚಹಾ ತರಿಸಿದ.

“ನಿಮ್ಮ ಪೆನ್ನಿಗೆ ಜೆಸಿಬಿ ತಾಕತ್ತು ಐತಿ ಬಿಡ್ರಿ ಸರ್!”

“ಮೊದಲು ಗುಡಿಸ್ತಿದ್ದಾಕಿ ಎಲ್ಲಿ?”

“ಮೌಲಾಬಿನಾ? ತೆಗೆದ್ರಲ್ರಿ. ನೀವಾ ಬರದೀರಲ್ಲ, ಸಿಬ್ಬಂದಿ ನಿರ್ಲಕ್ಷ್ಯ ಅಂತ. ಮ್ಯಾಲಿನಿಂದ ಕಾರಣ ಕೇಳಿ ಪತ್ರ ಬಂತು. ಸಾಹೇಬ್ರು ಯಾರನ್ನರ ತೋರಿಸಬೇಕಲ್ಲ? ಆಕಿ ಏಜೆನ್ಸಿ ಮ್ಯಾಲಿನ ಹೆಂಗಸು, ಕಾಯಂ ಅಲ್ಲ. ನಾಳೆಯಿಂದ ಬರಬ್ಯಾಡ ಅಂದ್ರು, ಮುಗೀತು.”

“ನೀರು ಹಾಕೂದು ಆಕಿ ಕೆಲಸ ಇತ್ತೇನು?”

“ಎಲ್ಲೀದ್ರಿ! ಆಕಿ ಕೆಲಸ ಬರೇ ಕಸ. ನೀರು ಆಕಿನ ತಂದು ಹಾಕ್ತಿದ್ಲು, ಖುಷಿಗೆ. ಕುಡಿಯೂ ನೀರಿನ ಮಷಿನ್‌ನಿಂದ ಹರದು ಹೋಗೂ ನೀರು ಕೊಡದಾಗ ಹಿಡದು, ಕಪ್ಪು ಬಸಿ ತೊಳದದ್ದು, ಚಹಾ ಚರಟ ಎಲ್ಲಾ ಹಾಕಾಕಿ. ಇಷ್ಟು ವರ್ಷ ಸಾಕಿದಾಕಿ ಆಕಿನ.”

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. “ಮತ್ತ ಈ ಸಲ ಯಾಕ ಹಾಕಲಿಲ್ಲ?”

ವಿರೂಪಾಕ್ಷಪ್ಪ ಬಹಳ ಸಹಜವಾಗಿ ಹೇಳಿದ: “ಪ್ರತಿ ವರ್ಷ ಈ ಥಂಡಿಯೊಳಗ ಒಂದು ತಿಂಗಳು ಹಾಕಂಗಿಲ್ರಿ ಆಕಿ. ಎಲಿ ಎಲ್ಲಾ ಉದುರತಾವು. ಯುಗಾದಿಗೆ ನೋಡ್ರಿ, ಹಂದರ ಕಾಣಲಾರದಂಗ ಹೂವು.”

“ಆವತ್ತು ಇದನ್ನ ಯಾಕ ಹೇಳಲಿಲ್ಲ ನನಗ?”

“ನೀವು ಕೇಳಿದ್ದು ನೀರು ಹಾಕ್ಯಾರೇನು ಅಂತ. ತಿರುಗಿ ಚಿಗೀತೈತೇನು ಅಂತ ಕೇಳಲೇ ಇಲ್ಲಲ್ರಿ?”

ಆತನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುವುದು ಆತನ ವೃತ್ತಿ. ಕೇಳುವುದು ನನ್ನ ವೃತ್ತಿ.

ಅಲ್ಲಿಂದ ನೇರ ಸಂತೆಕಲ್ಲೂರಿಗೆ ಹೋದೆ. ಮೌಲಾಬಿ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬೈಕು ನಿಲ್ಲಿಸಿದ್ದನ್ನು ನೋಡಿದಳು, ತಲೆ ಎತ್ತಲಿಲ್ಲ.

“ಬರ್ರಿ ಪೇಪರಿನ್ಯಾರ. ಇಲ್ಲಿ ಒಣಗಿದ್ದು ಏನರ ಐತೇನಂತ ನೋಡಾಕ ಬಂದೀರೇನು? ಒಬ್ಬಾಕಿ ಅದೀನಿ. ತಗೀರಿ ಪೋಟೋ. ಈ ಸಲ ಸರಿಯಂಗಿಲ್ಲ ನಾ.”

ನಾನು ಕಟ್ಟೆಯ ತುದಿಗೆ ಕೂತೆ. ತಪ್ಪಾಯಿತೆನ್ನುವ ಬದಲು, ನೀರು ಯಾಕೆ ನಿಲ್ಲಿಸಿದ್ದಿರಿ ಎಂದು ಕೇಳಿದೆ. ಆ ಪ್ರಶ್ನೆ ಅಷ್ಟು ದಿನ ತಡವಾಗಿತ್ತು.

“ಯಾಕಂದ್ರ? ರೋಜಾ ಇದ್ಲ್ರೀ ಅಕಿ!” ಎಂದಳು. “ನಾವು ರಂಜಾನದಾಗ ತಿಂಗಳು ರೋಜಾ ಇರಂಗಿಲ್ಲೇನು? ಮಲ್ಲಿಗಿನೂ ಹಂಗ. ಕಾರ್ತಿಕ ಮುಗಿದ ಮ್ಯಾಲೆ ನೀರು ಬಂದ್. ಬುಡ ಬಿಚ್ಚಿ ಬೇರಿಗೆ ಬಿಸಿಲು ತೋರಸೂದು. ಎಲಿ ಉದುರಲಿ. ಹೊಟ್ಟಿ ಹಸೀಲಿ ಅಕಿದು. ಸಂಕ್ರಾಂತಿ ಆದ ಮ್ಯಾಲೆ ಕುಡುಗೋಲು ತಗೊಂಡು ಕಡ್ಡಿ ಸವರಿ, ಕುರಿ ಹಿಕ್ಕಿ ಹಾಕಿ, ಒಮ್ಮಿಗೆ ನೀರು ಬಿಡೂದು. ಅದಾ ಅಕಿ ಈದ್. ಕಡ್ಡಿಗೊಂದು ಚಿಗುರು, ಚಿಗುರಿಗೊಂದು ಗೊಂಚಲು. ಹಸದಷ್ಟು ಹೂವು. ವರ್ಷಪೂರ್ತಿ ನೀರು ಕುಡಿಸಿದ್ರ ಬರೇ ಎಲಿ ಆಗಿ ಮೆರೀತಾಳ, ಹೂವು ಕೊಡಂಗಿಲ್ಲ.”

ಮೊರ ಬದಿಗಿಟ್ಟು ನನ್ನ ಮುಖವನ್ನೇ ನೋಡಿದಳು.

“ಅಲ್ರೀ, ರೋಜಾ ಇದ್ದಾರನ್ನ ನೋಡಿ ಸತ್ತಾರ ಅಂತ ಬರೀತೀರೇನು ನೀವು?”

ನನ್ನ ಸುದ್ದಿಯಲ್ಲಿ ತಪ್ಪು ಮಾಹಿತಿ ಹುಡುಕಿದರೆ ಸಿಗುತ್ತಿರಲಿಲ್ಲ. ತಿಂಗಳಿಂದ ನೀರು ಹಾಕಿರಲಿಲ್ಲ, ನಿಜ. ಎಲೆ ಉದುರಿದ್ದವು, ನಿಜ. ಬುಡದ ಮಣ್ಣು ಬಿರಿದಿತ್ತು, ನಿಜ. ಒಂದೊಂದು ಸಾಲೂ ನಿಂತು ಸಾಕ್ಷಿ ಹೇಳುತ್ತಿತ್ತು. ಸುದ್ದಿ ಮಾತ್ರ ಸುಳ್ಳು.

ಗೋಡೆಯ ಬದಿಗೆ ಮೂರು ಡಬ್ಬಿಗಳಲ್ಲಿ ಕಡ್ಡಿಗಳನ್ನು ನೆಟ್ಟಿದ್ದಳು. ಕತ್ತರಿಸಿದ ತುದಿಗಳಿಗೆ ಸಗಣಿ ಮೆತ್ತಿದ್ದಳು. ಕೆಲಸ ಬಿಡಿಸಿದ ದಿನ ಕಚೇರಿಯ ಹಿಂದಿನ ರಾಶಿಯಿಂದ ಆರಿಸಿ ತಂದವು. “ಉಗುರಿಲೆ ಒಂಚೂರು ಕೆರೀರಿ,” ಎಂದಳು. ಕೆರೆದೆ. ಬೂದು ಸಿಪ್ಪೆಯ ಕೆಳಗೆ ಎಳೆ ಬೆಂಡೆಕಾಯಿಯಂಥ ಹಸಿರು, ಉಗುರಿಗೆ ತೇವ ತಾಕಿತು. ಅಂದು ಹಂದರದ ಕೆಳಗೆ ನಿಂತು ಒಂದು ಉಗುರು ಆಡಿಸಿದ್ದರೆ ಸಾಕಿತ್ತು. ನನ್ನ ಕೈಯಲ್ಲಿ ಮೊಬೈಲ್ ಇತ್ತು.

ಅವತ್ತೇ ಆಕೆ ಆ ಬಳ್ಳಿ ಬಂದ ಬಗೆಯನ್ನೂ ಹೇಳಿದಳು. ಕಚೇರಿಯ ಕೆಲಸ ಸಿಗುವ ಮುಂಚೆ ಆಕೆ ಭತ್ತದ ನಾಟಿಗೆ ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿಗೆ ಹೋಗುತ್ತಿದ್ದಳು. ಬಂಗಾಳದ ನಿರಾಶ್ರಿತರು ನೆಲೆಸಿದ ಊರುಗಳು ಅವು. ಗದ್ದೆಯೊಡತಿ ಒಬ್ಬ ಮುದುಕಿ. ಮೌಲಾಬಿ ಆಕೆಯನ್ನು ದೀದಿ ಎನ್ನುತ್ತಿದ್ದಳು. ಕಚೇರಿಯ ಕೆಲಸ ಗೊತ್ತಾಗಿ, ಕೊನೆಯ ನಾಟಿ ಮುಗಿಸಿದ ದಿನ ದೀದಿ ಒಂದು ಕಡ್ಡಿ ಮುರಿದು ಕೈಗಿತ್ತು, “ಬೇಲಿ, ಬೇಲಿ,” ಎಂದಳಂತೆ.

“ನಾ ತಿಳಕೊಂಡೆ, ಬೇಲಿಗೆ ಹಾಕೂ ಗಿಡ ಇರಬೇಕಂತ. ಆಫೀಸಿನ ಮುಂದ ಆಡು ನುಗ್ಗತಿದ್ವು. ಅಲ್ಲಿ ಊರಿದೆ. ಆಡು ನಿಲ್ಲಲಿಲ್ಲ, ಬೇಲಿನೂ ಆಗಲಿಲ್ಲ. ಮರುವರ್ಷ ನೋಡ್ತೀನಿ, ಮೋಗ್ರಾ! ದೀದಿಗಿ ಹೋಗಿ ಕೇಳಿದೆ. ಬಿದ್ದು ಬಿದ್ದು ನಕ್ಕಳು. ಅವರ ಮಾತಿನಾಗ ಮಲ್ಲಿಗಿಗೆ ಬೇಲಿ ಅಂತಾರಂತ!”

ಇದನ್ನು ಹೇಳುವಾಗ ಆಕೆಯೂ ನಕ್ಕಳು. ನನಗೂ ನಗು ಬಂತು. ಆದರೆ ಈ ನಗೆಯ ಮಾತು ಕಚೇರಿಯೊಳಗೂ ಕೂತಿತ್ತು, ಅಲ್ಲಿ ಅದಕ್ಕೆ ಬೇರೆಯೇ ಕೆಲಸವಿತ್ತು.

ಮರುದಿನ ನಾನು ಸಾಹೇಬರನ್ನು ಹಿಡಿದೆ. ಈ ಸಲ ಹಿಂಬಾಗಿಲಲ್ಲೇ ಕಾದೆ. ಬಳ್ಳಿ ಸತ್ತಿರಲಿಲ್ಲ, ತಪ್ಪು ನನ್ನದು, ಆ ಹೆಂಗಸಿನದಲ್ಲ, ಬರೆದುಕೊಡುತ್ತೇನೆ, ಆಕೆಯನ್ನು ಮರಳಿ ತೆಗೆದುಕೊಳ್ಳಿ ಎಂದೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು. ವಿರೂಪಾಕ್ಷಪ್ಪನನ್ನು ಕರೆದು ಆವರಣದ ರಿಜಿಸ್ಟರ್ ತರಿಸಿದರು. ಹಿಂದೆ ಯಾವಾಗಲೋ ಗಿಡಮರಗಳ ಪಟ್ಟಿ ಮಾಡುವಾಗ ಹೂವಿನ್ನೂ ಬಿಟ್ಟಿರಲಿಲ್ಲ. ಇದೇನು ಗಿಡ ಎಂದು ಕೇಳಿದ್ದಕ್ಕೆ ಮೌಲಾಬಿ ತನಗೆ ದೀದಿ ಹೇಳಿದ್ದನ್ನೇ ಹೇಳಿದ್ದಳು. ಬೇವು ಎರಡು, ಹೊಂಗೆ ಒಂದು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ: ‘ಬೇಲಿ ಗಿಡ – ಒಂದು’. ಅದರ ಮುಂದೆ ಹೊಸ ಶಾಯಿಯಲ್ಲಿ: ‘ಒಣಗಿದ ಬೇಲಿ, ತೆರವುಗೊಳಿಸಿದೆ. ಆಧಾರ: ಪತ್ರಿಕಾ ವರದಿ.’

“ನೋಡ್ರಿ, ನಮ್ಮಲ್ಲಿ ಮಲ್ಲಿಗೆನೇ ಇರಲಿಲ್ಲ,” ಎಂದರು ಸಾಹೇಬರು. “ಇಲ್ಲದ್ದನ್ನ ನಾವು ಹೆಂಗ ತೆಗೀತೀವಿ? ಒಣಗಿದ ಬೇಲಿ ಇತ್ತು, ತೆಗೆಸೀವಿ.”

“ಸರ್, ಐದಾರು ವರ್ಷ ನೀವೆಲ್ಲ ಅದರ ಹೂವು ಮನಿಗೆ ಒಯ್ದೀರಿ.”

“ಹೂವು ಒಯ್ದಿರಬಹುದು. ರಿಜಿಸ್ಟರ್‌ನಾಗ ಹೂವಿಲ್ಲ.”

ಬಾಗಿಲ ಬಳಿ ವಿರೂಪಾಕ್ಷಪ್ಪ ನೆಲ ನೋಡುತ್ತ ನಿಂತಿದ್ದ. ಆ ದುಂಡಗಿನ ಅಕ್ಷರ ಆತನದೇ. ಆತನ ಹೆಂಡತಿ ಪ್ರತಿ ಸೋಮವಾರ ಆ ಬಳ್ಳಿಯ ಹೂವನ್ನೇ ಬೆಟ್ಟದ ಮೇಲಿನ ಮಲ್ಲಯ್ಯ ದೇವರಿಗೆ ಏರಿಸುತ್ತಿದ್ದುದನ್ನು ಆತ ನನಗೆ ಆಮೇಲೆ, ಹೊರಗೆ ಬಂದು, ಮೆಲ್ಲಗೆ ಹೇಳಿದ. ಒಳಗೆ ಹೇಳಲಿಲ್ಲ.

ಡೆಸ್ಕಿಗೆ ತಿದ್ದುಪಡಿ ಕಳಿಸಿದೆ. ನಾಲ್ಕು ಸಾಲು. ಸಂಜೆ ಫೋನ್ ಬಂತು. “ನೀರು ಹಾಕಿರಲಿಲ್ಲ ತಾನೆ? ಎಲೆ ಇರಲಿಲ್ಲ ತಾನೆ? ಹಾಗಾದರೆ ತಿದ್ದುವುದು ಏನನ್ನ?” ಎಂದರು ಆಚೆಯವರು. “ಫಲಶ್ರುತಿ ಹಾಕಿ ಆಗಿದೆ ಮಾರಾಯಾ. ಈಗ ತಿದ್ದುಪಡಿ ಅಂದರೆ ಯಾರ ಮರ್ಯಾದೆ ಹೋಗುತ್ತೆ?” ಅವರ ಮಾತಿನಲ್ಲೂ ತಪ್ಪು ಮಾಹಿತಿ ಇರಲಿಲ್ಲ. ಪತ್ರಿಕೆಯ ಮರ್ಯಾದೆ ಉಳಿಯಿತು. ಕಚೇರಿಯ ಮರ್ಯಾದೆ ಉಳಿಯಿತು. ತನ್ನದಲ್ಲದ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಹೆಂಗಸನ್ನು, ಒಂದು ತಿಂಗಳು ಆ ಕೆಲಸ ಮಾಡಲಿಲ್ಲವೆಂದು ಹೊರಗೆ ಹಾಕಿದ್ದರು. ಮಾಡದಿದ್ದದ್ದೇ ಆ ತಿಂಗಳ ಕೆಲಸ ಎಂದು ಅರ್ಥವಾಗುವವರು ಆ ಇಡೀ ವ್ಯವಸ್ಥೆಯಲ್ಲಿ ಆಕೆಯೊಬ್ಬಳೇ ಇದ್ದಳು. ಆಕೆಯನ್ನು ಯಾರೂ ಕೇಳಲಿಲ್ಲ. ನಾನಂತೂ ಚೌಕಟ್ಟಿನಿಂದಲೇ ಸರಿಸಿದ್ದೆ.

ಮಸ್ಕಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಅಕ್ಷರಗಳು ಬಂಡೆಯ ಮೇಲಿವೆ. ದೂರದಿಂದ ಬಂದವರು ಕಣ್ಣು ಕಿರಿದು ಮಾಡಿ ಓದುತ್ತಾರೆ. ನಾವು ಬರೆಯುವುದು ಕಾಗದದ ಮೇಲೆ, ಮರುದಿನವೇ ಬಜ್ಜಿ ಕಟ್ಟುವುದಕ್ಕೆ ಹೋಗುತ್ತದೆ ಎಂದು ವರದಿಗಾರರು ಹಗುರಾಗಿ ಹೇಳಿಕೊಳ್ಳುತ್ತೇವೆ. ನನ್ನ ಎರಡು ಕಾಲಂ ಬಜ್ಜಿಯ ಜೊತೆ ಹೋಗಲಿಲ್ಲ. ‘ಆಧಾರ: ಪತ್ರಿಕಾ ವರದಿ’ ಎಂದು ರಿಜಿಸ್ಟರಿನಲ್ಲಿ ಕೂತಿತು.

ಸಂತೆಕಲ್ಲೂರಿನ ಆ ಮೂರು ಡಬ್ಬಿಗಳ ಕಡ್ಡಿಗಳು ಶಿವರಾತ್ರಿಯ ಹೊತ್ತಿಗೆ ಕಪ್ಪಾದವು. ಜೆಸಿಬಿ ಕಿತ್ತ ಮೇಲೆ ಕೆಲವು ದಿನ ಬಿಸಿಲಿಗೆ ಬಿದ್ದಿದ್ದವು, ಬೇರು ಬಿಡುವ ಶಕ್ತಿ ಉಳಿದಿರಲಿಲ್ಲ. ಆ ವರ್ಷದ ಯುಗಾದಿಗೆ ಮೌಲಾಬಿಯ ಬಳಿ ಕೆಲಸವೂ ಇರಲಿಲ್ಲ, ಬಳ್ಳಿಯೂ ಇರಲಿಲ್ಲ. ಕಡಲೆ ಕೀಳಲು, ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಳು. ಬಗ್ಗಿದರೆ ಸೊಂಟ ಹಿಡಿಯುತ್ತದೆಂದೇ ಆಕೆ ಹೊಲದ ಕೂಲಿ ಬಿಟ್ಟು ಕಚೇರಿಯ ಕಸಬರಿಗೆ ಹಿಡಿದಿದ್ದಳು. ನಾನು ಬೇರೆ ಕಚೇರಿಗಳಲ್ಲಿ ಆಕೆಯ ಬಗ್ಗೆ ಕೇಳಿ ನೋಡಿದೆ. ‘ನಿರ್ಲಕ್ಷ್ಯಕ್ಕೆ ತೆಗೆದಾರಲ್ಲ, ಪೇಪರಿನಾಗ ಬಂದಿತ್ತು’ ಎಂದರು. ನನ್ನ ಸುದ್ದಿಯನ್ನೇ ನನಗೆ ಹೇಳಿದರು.

ಮುಂಗಾರು ಬಿದ್ದ ಮೇಲೆ ಆಕೆ ಕ್ಯಾಂಪಿಗೆ ಹೊರಟಳೆಂದು ತಿಳಿದು ನಾನೂ ಹೋದೆ. ಸಿಂಧನೂರಿನಲ್ಲಿ ಬಸ್ಸಿಳಿದು ಆಟೊದಲ್ಲಿ ಬಂದಿದ್ದಳು. ಕ್ಯಾಂಪಿನ ಸುತ್ತ ಗದ್ದೆ ಉಳುವುದು ಶುರುವಾಗಿತ್ತು, ಕೆಸರಿನ ವಾಸನೆ ಮನೆಗಳೊಳಗೂ ಬಂದಿತ್ತು. ದೀದಿಯ ಮನೆಯ ಮುಂದೆ ಕೊಳದ ಬದಿಗೆ ತಾಯಿಬಳ್ಳಿ ಇತ್ತು. ಬುಡ ಒನಕೆಯಷ್ಟು ದಪ್ಪ. ಮುದುಕಿಗೆ ಕಣ್ಣು ಮಂಜು, ಕಿವಿ ಚುರುಕು. ಮೌಲಾಬಿ ನಡೆದದ್ದನ್ನು ಹೇಳಿದಳು. ಮುದುಕಿ ನನ್ನ ಕಡೆಗೆ ತಿರುಗಿದಳು.

“ನೀನ್ ಬರೆದ್ಯಾ?”

“ಹೌದು.”

“ಸರ್ಕಾರ್ ಕಟ್ ಮಾಡ್ತಾ?”

“ಹೌದು.”

ಮುದುಕಿ ತಾನು ಕಲಿತಷ್ಟು ಕನ್ನಡದಲ್ಲಿ ಹೇಳಿದಳು: “ಸರ್ಕಾರ್ ನಮ್ಗೆ ಜಮೀನ್ ಕೊಡ್ತು. ಮನೆ ಕೊಡ್ತು. ಬೇಲಿ ಕೊಟ್ಟಿಲ್ಲ. ಬೇಲಿ ನಮ್ಮ್ ಅಮ್ಮಾ ಬಟ್ಟೇಲಿ ಕಟ್ಕೊಂಡು ತಂದಿದ್ದು. ಕೊಟ್ಟಿಲ್ದೇ ಇರೋದು ಅವ್ರು ಹೆಂಗೆ ಕಟ್ ಮಾಡ್ತಾರೆ?”

ಆಕೆಯ ಪ್ರಶ್ನೆಯನ್ನು ಕಚೇರಿಗೆ ಒಯ್ಯಬೇಕಿತ್ತು. ಅಲ್ಲಿ ಅದನ್ನು ಬರೆದುಕೊಳ್ಳುವ ಕಾಲಂ ಇರಲಿಲ್ಲ.

ಕಡ್ಡಿ ಆರಿಸಲು ನಾನು ಮುಂದಾದೆ. ತುದಿಯ ಎಳೆ ಹಸಿರನ್ನು ಹಿಡಿದಿದ್ದೆ. “ಅದನ್ನ ಬಿಡ್ರಿ,” ಎಂದಳು ಮೌಲಾಬಿ. “ನಿಮಗ ಕಾಣೂದು ಹಸರು ಅಷ್ಟ. ಹಸರಿದ್ದದ್ದು ಜೀವ, ಬೂದಿದ್ದದ್ದು ಮಯ್ಯತ್ತು. ಇಲ್ಲಿ ನೋಡ್ರಿ, ಪೆನ್ಸಿಲ್‌ನಷ್ಟು ದಪ್ಪ, ಅತ್ತ ಎಳೀದೂ ಅಲ್ಲ, ಇತ್ತ ಬಲಿತದ್ದೂ ಅಲ್ಲ, ಮೂರು ಗಿಣ್ಣು ಇರಬೇಕು. ಎರಡು ಮಣ್ಣಾಗ, ಒಂದು ಮ್ಯಾಲೆ.” ನಾನು ಕೇಳಿಸಿಕೊಂಡೆ. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡೆ. ಅದನ್ನು ನೋಡಿ ಆಕೆಗೆ ನಗು ಬಂತು. “ಈಗ ಬರಕೋ, ಮಗನಾ,” ಎಂದಳು. ಅವತ್ತಿನಿಂದ ನನಗೆ ಆಕೆ ‘ರೀ’ ಹಚ್ಚುವುದು ನಿಂತಿತು. ಅದನ್ನು ಕ್ಷಮೆಯೆಂದು ನಾನು ಬರೆಯುವುದಿಲ್ಲ. ಆಕೆ ಹಾಗೆಂದು ಹೇಳಿಲ್ಲ.

ಆ ಮಳೆಗಾಲದಲ್ಲಿ ನೆಟ್ಟ ಕಡ್ಡಿ ಸಂತೆಕಲ್ಲೂರಿನಲ್ಲಿ ಈಗ ಹಂದರವಾಗಿದೆ. ಕಳೆದ ಚಳಿಗಾಲ, ಎಳ್ಳಮಾವಾಸ್ಯೆಯ ಮರುದಿನ, ನಾನು ಆಕೆಯ ಕಟ್ಟೆಯ ಮೇಲೆ ಕೂತಿದ್ದೆ. ಬಳ್ಳಿಗೆ ಒಂದು ಎಲೆ ಇರಲಿಲ್ಲ. ಬುಡ ಬಿಚ್ಚಿತ್ತು, ಮಣ್ಣು ಬಿರಿದಿತ್ತು. ಮಸ್ಕಿಯ ಕಡೆಗೆ ಹೊರಟ ಷೇರ್ ಆಟೊ ಮನೆಯ ಮುಂದೆ ನಿಂತಿತು. ಒಳಗಿದ್ದ ಹೆಂಗಸೊಬ್ಬಳು ಹೊರಗೆ ಇಣುಕಿ, “ಅಯ್ಯ ಶಿವನ, ಎಷ್ಟು ಛಂದ ಬಳ್ಳಿ ಇತ್ತು, ಒಣಗಿ ಹೋಗೇತಲ್ಲಬೇ!” ಎಂದಳು.

ಮೌಲಾಬಿ ನನ್ನ ಕಡೆ ನೋಡಿದಳು. “ಹೇಳಪಾ, ಪೇಪರಿನಾಂವ. ಏನಾಗೇತಿ?”

ಆಟೊದೊಳಗಿನ ಆರೇಳು ಜನ ನನ್ನನ್ನೇ ನೋಡುತ್ತಿದ್ದರು.

“ಒಣಗಿಲ್ರಿ,” ಎಂದೆ. “ರೋಜಾ ಇದ್ದಾಳ.”

ಆಟೊ ಹೋಯಿತು. ಮೌಲಾಬಿ ಮೊರ ಎತ್ತಿಕೊಂಡಳು.

ಮೊನ್ನೆ ಕಚೇರಿಯಲ್ಲಿ ಆ ಡಬ್ಬಿಯ ವಾಸನೆ ಕುಡಿಯುತ್ತ ಕೂತಾಗ ರಿಜಿಸ್ಟರ್ ಕೇಳಿ ನೋಡಿದೆ. ವಿರೂಪಾಕ್ಷಪ್ಪ ನಿವೃತ್ತನಾಗಿದ್ದಾನೆ. ಸಾಹೇಬರು ವರ್ಗವಾಗಿ, ಅವರ ನಂತರ ಬಂದವರೂ ವರ್ಗವಾಗಿದ್ದಾರೆ. ಸಾಲು ಹಾಗೇ ಇದೆ, ಶಾಯಿ ಮಾತ್ರ ಸ್ವಲ್ಪ ಕಂದಿದೆ. ಮೌಲಾಬಿಯ ಮೇಲಿನ ‘ನಿರ್ಲಕ್ಷ್ಯ’ದ ಮಾತೂ ಎಲ್ಲೋ ಒಂದು ಫೈಲಿನಲ್ಲಿ ಹಾಗೇ ಇರಬೇಕು. ಅದನ್ನು ಅಳಿಸುವ ಅಧಿಕಾರ ನನಗಿಲ್ಲ. ಅಂದಿನ ನನ್ನ ಸುದ್ದಿಯನ್ನು ಮಾತ್ರ ನಾನು ತಿರುಗಿ ಬರೆಯಬಲ್ಲೆ. ಅದು ಹೀಗಿರಬೇಕಿತ್ತು:

ಮಸ್ಕಿ: ಪಟ್ಟಣದ ಸರ್ಕಾರಿ ಕಚೇರಿಯೊಂದರ ಆವರಣದಲ್ಲಿರುವ ಮಲ್ಲಿಗೆ ಬಳ್ಳಿಗೆ ಚಳಿಗಾಲದ ನಿಮಿತ್ತ ಒಂದು ತಿಂಗಳಿಂದ ನೀರು ನಿಲ್ಲಿಸಲಾಗಿದ್ದು, ಎಲೆಗಳು ಉದುರಿವೆ. ಬಳ್ಳಿ ಜೀವಂತವಾಗಿದೆ. ಸಂಕ್ರಾಂತಿಯ ನಂತರ ಕಡ್ಡಿ ಸವರಿ ನೀರು ಬಿಡಲಾಗುವುದು, ಯುಗಾದಿಗೆ ಹೂ ಬರಲಿದೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಬಳ್ಳಿಯನ್ನು ನೆಟ್ಟು ಬೆಳೆಸಿದ ಸಂತೆಕಲ್ಲೂರಿನ ಮೌಲಾಬಿ ತಿಳಿಸಿದ್ದಾರೆ.